ಗಾಳಿ ಮ್ಯಾಲೆ ಹಾಕಬ್ಯಾಡ್ರಿ

ಹೋದ ಸಲ ಸಂಡಿಗಿ ಹಿಟ್ಟಿನ ಬಗ್ಗೆ ಬರದಿದ್ದೆ. ಈ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೀತೇನಿ ಅಂತ ಮಾತು ಕೊಟ್ಟಿದ್ದೆ. ಉಪ್ಪಿನಕಾಯಿ ಒಂದು ವಾರ ತಡದೀತು. ಮನಸಿನ್ಯಾಗ ಬ್ಯಾರೆ ವಿಷಯ ಕೂತುಬಿಟ್ಟದ, ಅದನ್ನ ಹೊರಗ ಹಾಕೋತನಕ ನನಗ ಸಮಾಧಾನ ಇಲ್ಲ.

ಮೊನ್ನೆ ಶುಕ್ರವಾರ ನಮ್ಮ ಓಣಿ ಮಾಮಿ ಮನ್ಯಾಗ ಚೈತ್ರಗೌರಿ ಅರಿಷಿಣ-ಕುಂಕುಮ ಇತ್ತು. ಕೋಸಂಬರಿ, ಪಾನಕ, ಕಡ್ಲಿ ಉಸುಳಿ, ಎಲ್ಲಾ ಛಂದ ಆಗಿತ್ತು. ಮಾತು ಸೂಟಿಗೆ ಯಾರ್ಯಾರು ಎಲ್ಲೆಲ್ಲಿ ಹೊಂಟಾರ ಅನ್ನೋದಕ್ಕ ಬಂತು. ನಮ್ಮ ವೈನಿ ಮಗ-ಸೊಸಿ ಎರಡು ಸಣ್ಣ ಹುಡುಗರನ್ನ ಕರಕೊಂಡು ಕರಾವಳಿ ಕಡೆ ಹೊಂಟಾರಂತ, ಬೋಟಿಂಗ್ ಸುದ್ದಾ ಅದ ಅಂತ. ನಾ ಸುಮ್ನಿರಲಾರದ, 'ಮೇ ತಿಂಗಳ ಅದ ವೈನಿ, ಸಂಜಿ ಕಡೆ ಮಳಿ-ಗಾಳಿ ಏಳ್ತದ, ನೋಡ್ಕೊಂಡು ಹತ್ತಲಿ' ಅಂದೆ. ಅದಕ್ಕ ಮಾಮಿ ಪಾನಕದ ಲೋಟಾ ಕೈಯಾಗ ಕೊಡ್ಕೋತ, 'ಹಣೆಬರಹದಾಗ ಇದ್ದದ್ದು ತಪ್ಪತದೇನವಾ? ನೀರಾಗ ಇದ್ದಾಗ ಗಾಳಿ ಬಂದ್ರ ಯಾರೇನ ಮಾಡ್ಲಿಕ್ಕೆ ಬರ್ತದ' ಅಂದ್ರು. ಎಲ್ಲಾರೂ ಹೌದ್ಹೌದು ಅಂತ ತಲಿ ಹಾಕಿದ್ರು. ನಾನೂ ಹಾಕಿದೆ, ಪಾನಕ ಕುಡದು ಉಡಿ ತುಂಬಿಸ್ಕೊಂಡು ಮನಿಗೆ ಬಂದೆ.

ಮನಿಗೆ ಬಂದ ಮ್ಯಾಲೆ ನನ್ನ ಮ್ಯಾಲೇ ನನಗ ಸಿಟ್ಟು ಬಂತು. ಮಾಮಿ ಮನಸ್ಸು ಭಾಳ ದೊಡ್ಡದು, ಅವರ ಮ್ಯಾಲೆ ಅಲ್ಲ ನನ್ನ ಸಿಟ್ಟು. 'ಗಾಳಿ ಬಂದ್ರ ಯಾರೇನ ಮಾಡ್ಲಿಕ್ಕೆ ಬರ್ತದ' ಅನ್ನೋ ಆ ಮಾತಿನ ಮ್ಯಾಲೆ. ಆ ಮಾತು ಸುಳ್ಳು ಅಂತ ಗೊತ್ತಿದ್ದೂ ಯಾಕ ತಲಿ ಹಾಕಿದೆ ಅಂತ. ಯಾಕಂದ್ರ ಆ ಮಾತು ಎಷ್ಟು ಸುಳ್ಳು ಅನ್ನೋದನ್ನ ನಾ ಒಂದು ಕೆರಿ ದಂಡಿ ಮ್ಯಾಲೆ ನಿಂತು ತಿಳಕೊಂಡು ಬಂದೇನಿ.

ಎರಡು ವರ್ಷದ ಹಿಂದ ಮಗಳ ಬಾಣಂತನಕ್ಕ ಅಮೇರಿಕಾಕ್ಕ ಹೋಗಿದ್ದೆನಲ್ಲಾ, ಅವರಿರೋದು ಮಿಸ್ಸೂರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಅನ್ನೋ ಊರಾಗ. ಕೂಸಿಗೆ ಮೂರು ತಿಂಗಳು ತುಂಬಿದ ಮ್ಯಾಲೆ ಒಂದು ರವಿವಾರ ಅಳಿಯಂದ್ರು ನಮ್ಮನ್ನ ಬ್ರಾನ್ಸನ್‌ಗೆ ಕರಕೊಂಡು ಹೋದ್ರು. ಕಾರಿನ್ಯಾಗ ಮುಕ್ಕಾಲು ತಾಸಿನ ದಾರಿ. ನಾಟಕ, ಹಾಡು, ಜಾತ್ರಿ ಎಲ್ಲಾ ವರ್ಷಪೂರ್ತಿ ನಡಿಯೋ ಊರದು. ಅದರ ಹತ್ತಿರ ಟೇಬಲ್ ರಾಕ್ ಲೇಕ್ ಅಂತ ದೊಡ್ಡ ಕೆರಿ ಅದ. ಖರೇ ಅಂದ್ರ ಕೆರಿ ಅಲ್ಲ, ಹೊಳಿಗೆ ಡ್ಯಾಮ್ ಕಟ್ಟಿ ನಿಲ್ಲಿಸಿದ ನೀರು. ಸುತ್ತಲೂ ಗುಡ್ಡ, ಹಸರು, ನೀರು ಕನ್ನಡಿಹಂಗ ಸುಮ್ನ ನಿಂತಿತ್ತು. 'ಎಷ್ಟ್ ಛಂದ ಅದಲ್ಲಾ' ಅಂದೆ. ಮಗಳು ಕೂಸಿನ್ನ ಎದಿಗೆ ಅವಚಿಕೊಂಡು, 'ಹೌದಮ್ಮಾ, ಆದ್ರ ಇಲ್ಲೇ ಒಂದು ಬೋಟು ಮುಳುಗಿ 17 ಮಂದಿ ಹೋದ್ರು' ಅಂದ್ಲು. ಮನಿಗೆ ಬಂದು ರಾತ್ರಿ ಅಕಿನ್ನ ಕೂಡಿಸ್ಕೊಂಡು ಅದರ ತನಿಖಿ ವರದಿ ಓದಿಸಿ, ಅರ್ಥ ಹೇಳಿಸ್ಕೊಂಡೆ. ಈಗ ನಿಮಗೂ ಹೇಳ್ತೇನಿ, ಸ್ವಲ್ಪ ಸಮಾಧಾನದಿಂದ ಕೇಳ್ರಿ.

ಅಲ್ಲಿ 'ಡಕ್ ಬೋಟ್' ಅಂತ ಇರ್ತಿದ್ವು. ಎರಡನೇ ಮಹಾಯುದ್ಧದ ಕಾಲಕ್ಕ ಹಡಗದಿಂದ ದಂಡಿಗೆ ಸಾಮಾನು, ಸೈನಿಕರನ್ನ ಸಾಗಸಲಿಕ್ಕೆ ಮಾಡಿದ ಗಾಡಿ ಅವು. ಕೆಳಗ ಗಾಲಿ ಇರ್ತಾವ, ರಸ್ತೆ ಮ್ಯಾಲೆ ಬಸ್ಸಿನಹಂಗ ಓಡ್ತದ, ಹಂಗ ಸೀದಾ ನೀರಿಗಿಳದು ಬೋಟಿನಹಂಗ ತೇಲ್ತದ. ಯುದ್ಧ ಮುಗದ ಮ್ಯಾಲೆ ಅವಕ್ಕ ಸೀಟು ಹಾಕಿ, ಮ್ಯಾಲೆ ಛಾವಣಿ ಕೂಡಿಸಿ, ಬಾಜೂಕ ಪ್ಲಾಸ್ಟಿಕ್ ಪಡದೆ ಕಟ್ಟಿ, ಮಂದೀನ ಸುತ್ತಾಡಸಲಿಕ್ಕೆ ಇಟ್ಟಿದ್ರು. ಮುಳುಗಿದ್ದು 'ಸ್ಟ್ರೆಚ್ ಡಕ್ 7' ಅನ್ನೋದು. 2018ರ ಜುಲೈ 19, ಗುರುವಾರ ಸಂಜಿ. ಒಳಗ 31 ಮಂದಿ ಇದ್ರು, 17 ಮಂದಿ ಸತ್ರು. ಒಂದೇ ಮನಿತನದ 11 ಮಂದಿ ಹತ್ತಿದ್ರು, ಅವರಾಗ 9 ಮಂದಿ ವಾಪಸ್ ಬರಲಿಲ್ಲ. ಸತ್ತವರಾಗ ಎಲ್ಲಾರಕಿಂತ ಸಣ್ಣದು ಒಂದು ವರ್ಷದ ಕೂಸು. ಇದನ್ನ ಓದೂಮುಂದ ನನ್ನ ತೊಡಿ ಮ್ಯಾಲೆ ನನ್ನ ಮೊಮ್ಮಗಳು ಮಲಗಿದ್ಲು. ಅಷ್ಟ ಹೇಳ್ತೇನಿ.

ಈಗ ಗಡಿಯಾರ ಮುಂದಿಟ್ಕೊಂಡು ಕೇಳ್ರಿ. ಅವತ್ತು ಮುಂಜಾನಿಯಿಂದನ ಅಲ್ಲಿಯ ಹವಾಮಾನ ಇಲಾಖೆಯವರು, ರಾತ್ರಿ 9ರ ತನಕಾ ಜೋರು ಗುಡುಗು-ಬಿರುಗಾಳಿ ಬರೋ ಸಂಭವ ಅದ ಅಂತ ಹೇಳಿಬಿಟ್ಟಿದ್ರು. ಸಂಜಿ 6 ಗಂಟೆ 32 ನಿಮಿಷಕ್ಕ, ಸಂಭವ ಅಲ್ಲ, ಬಂದೇಬಿಡ್ತದ ಅಂತ ಆ ಕೆರಿ ಸೇರಿಸಿ ಎಚ್ಚರಿಕೆ ಕೊಟ್ರು. ಬೋಟು ನೀರಿಗಿಳದದ್ದು ಸುಮಾರು 6 ಗಂಟೆ 55ಕ್ಕ. ನಡುವ 23 ನಿಮಿಷ ಆತು. ನಮ್ಮ ಅಡಗಿಮನಿ ಲೆಕ್ಕದಾಗ ಬ್ಯಾಳಿ ಕುಕ್ಕರ್ ಏರಿಸಿ, ಸೀಟಿ ಹೊಡದು, ಇಳಿಸಿ, ಒಗ್ಗರಣಿ ಕೊಡೋವಷ್ಟು ವೇಳ್ಯಾ. ಒಂದು ಫೋನ್ ಮಾಡಿ 'ಬ್ಯಾಡ, ಹೊಳ್ಳಿ ಬರ್ರಿ' ಅನ್ನಲಿಕ್ಕೆ 23 ಸೆಕೆಂಡು ಸಾಕು.

ಇನ್ನೊಂದು ಮಾತು ಕೇಳಿದ್ರ ನಿಮಗ ಇನ್ನೂ ಹೊಟ್ಟಿ ಉರೀತದ. ದಿನಾ ಆ ಬೋಟು ಮೊದಲು ಊರಾಗ ಸುತ್ತಾಡಿ ಕಡೀಕ ನೀರಿಗಿಳೀತಿತ್ತು. ಅವತ್ತು ಮಂದಿ ಹತ್ತಿ ಕೂತ ಮ್ಯಾಲೆ ಕಂಪನಿಯವರೊಬ್ಬರು ಬಂದು, ಹವಾ ಕೆಡೋದ್ರಾಗ ಅದ, ಇವತ್ತು ಮೊದಲು ನೀರಿನ ಸುತ್ತು ಮುಗಿಸಿಬಿಡ್ರಿ ಅಂತ ಹೇಳಿ ಹೋದ್ರು. ಬೋಟಿನ್ಯಾಗಿದ್ದ ಕ್ಯಾಮೆರಾದಾಗ ಇದು ದಾಖಲಾಗಿತ್ತು. ಅಂದ್ರ ಬಿರುಗಾಳಿ ಬರ್ತದ ಅಂತ ಗೊತ್ತಿರಲಿಲ್ಲ ಅನ್ನಲಿಕ್ಕೆ ಬರೂದಿಲ್ಲ. ಗೊತ್ತಿತ್ತು, ಗೊತ್ತಿದ್ದಕ್ಕ ಅವಸರ ಮಾಡಿದ್ರು.

ಅಕ್ಕಂದಿರ, ನಾವು ಅಂಗಳದಾಗ ಸಂಡಿಗಿ ಹಾಕಿರ್ತೇವಿ. ಮೋಡ ಕವೀತು ಅಂದ್ರ ಏನ್ ಮಾಡ್ತೇವಿ? ಒಳಗಿಂದು ಹೊರಗ ತರೂದಿಲ್ಲ, ಹೊರಗಿಂದು ಒಳಗ ತರ್ತೇವಿ. 'ಮಳಿ ಬರೋದ್ರಾಗ ಇನ್ನೊಂದು ತಾಟು ಒಣಗಿಸಿಬಿಡೂಣು' ಅಂತ ಯಾವ ಹುಚ್ಚಿ ಸುದ್ದಾ ಮಾಡೂದಿಲ್ಲ. ಎರಡು ಸೇರು ಅಕ್ಕಿ ಸಂಡಿಗಿಗೆ ನಮಗಿರೋ ಬುದ್ಧಿ, 31 ಜೀವಕ್ಕ ಯಾಕ ಇರಬಾರದು?

'ಆದ್ರ ನೀರಿಗಿಳದಾಗ ಕೆರಿ ಶಾಂತ ಇತ್ತಂತಲ್ಲಾ' ಅಂತ ನೀವು ಕೇಳಬಹುದು. ಖರೇ, ಶಾಂತನ ಇತ್ತು. ಇಲ್ಲೇ ಮಂದಿ ಮೋಸ ಹೋಗೋದು. ನಮ್ಮ ಧಾರವಾಡದಾಗ ಅಡ್ಡಮಳಿ ಬರೋ ಮುಂದ ಹೆಂಗಿರ್ತದ ನೆನಪು ಮಾಡ್ಕೊಳ್ರಿ. ಎಲಿ ಅಲುಗೂದಿಲ್ಲ, ಧಗಿ ಅಂದ್ರ ಧಗಿ, ಬೀಸಣಿಕಿ ಬಿಟ್ರ ಗಾಳಿನ ಇಲ್ಲ. ಒಂದು ಹನಿ ಬೀಳೂಕಿಂತ ಮೊದಲ ಒಮ್ಮಿಂದೊಮ್ಮೆಲೆ ತಂಪು ಗಾಳಿ ಬಂದು ಕಿಡಕಿ ಪಟಪಟ ಬಡೀತದ, ಧೂಳು ಎದ್ದು ಕಣ್ಣು ಮುಚ್ಚತದ. ದೊಡ್ಡ ಗುಡುಗಿನ ಮೋಡದಿಂದ ತಂಪು ಗಾಳಿ ರಪ್ಪಂತ ಕೆಳಗ ಬಿದ್ದು, ನೆಲಕ್ಕ ಬಡದು, ಹಿಟ್ಟು ಚೆಲ್ಲಿದಹಂಗ ಸುತ್ತಲೂ ಹರಡತದ. ಮೋಡ ಇನ್ನೂ ದೂರ ಇರ್ತದ, ಗಾಳಿ ಮೊದಲ ಬರ್ತದ. ಅದಕ್ಕ ಕಣ್ಣಿಗೆ ಕಾಣೋ ನೀರು ನೋಡಿ 'ಏನೂ ಆಗೂದಿಲ್ಲ' ಅನ್ನಬಾರದು. ಎಚ್ಚರಿಕೆ ಕೊಡೋದು ಕಣ್ಣಿಗೆ ಕಾಣದ್ದನ್ನ ಹೇಳಲಿಕ್ಕೆ. ಕಣ್ಣಿಗೆ ಕಾಣೋತನಕ ಕಾಯೋದಾದ್ರ ಹವಾಮಾನ ಇಲಾಖೆ ಯಾಕ ಬೇಕು?

ಬೋಟು ಇಳದು ಐದು ನಿಮಿಷದಾಗ ಗಾಳಿ ಬಂತು. ಗಾಳಿ ತಾಸಿಗೆ 35 ಮೈಲಿ ದಾಟಿದ್ರ, ತೆರಿ ಎರಡು ಅಡಿ ಮೀರಿದ್ರ ಈ ಬೋಟು ನೀರಾಗ ಇರಬಾರದು ಅಂತ ಅದರ ಪರವಾನಗಿಯೊಳಗ ಬರದಿತ್ತು. 35 ಮೈಲಿ ಅಂದ್ರ ಸುಮಾರು 56 ಕಿಲೋಮೀಟರ್. ಅವತ್ತು ಹತ್ತಿರದಾಗ ಅಳದ ಗಾಳಿ 70 ಮೈಲಿ ದಾಟಿತ್ತು, ಅಂದ್ರ ನೂರಾ ಹತ್ತು ಕಿಲೋಮೀಟರಿಗೂ ಹೆಚ್ಚು. ತೆರಿ ಮೂರರಿಂದ ಐದು ಅಡಿ. ಮುಂದಿನ ಬಾಜೂಕ ಗಾಳಿ ಆಡಲಿಕ್ಕೆ ಬಿಟ್ಟ ಮುಚ್ಚಳದೊಳಗಿಂದ ನೀರು ಒಳಗ ಹೊಕ್ಕೋತ ಹೋತು. ಮಳಿ ಹನಿ ಬಡೀಬಾರದು ಅಂತ ಬಾಜೂಕಿನ ಪಡದೆ ಇಳಿಸಿದ್ರು, ಅದು ಮಂದಿ ಹೊರಗ ಜಿಗಿಯೋ ದಾರಿನ ಮುಚ್ಚತು. ಲೈಫ್ ಜಾಕೆಟ್ ಮ್ಯಾಲೆ ತಲಿ ಹತ್ರನ ಇದ್ವು, ಆದ್ರ ಹಾಕ್ಕೊಳ್ರಿ ಅಂತ ಯಾರೂ ಹೇಳಲಿಲ್ಲ. 7 ಗಂಟೆ 8 ನಿಮಿಷದ ಸುಮಾರಿಗೆ ಬೋಟು ಮುಳುಗಿ ಹೋತು. ಇಳದು ಕಾಲು ತಾಸು ಸುದ್ದಾ ಆಗಿರಲಿಲ್ಲ.

ಅಲ್ಲೇ ದಂಡಿಗೆ ಊಟದ ಸುತ್ತಿಗೆ ತಯಾರಾಗಿ ಇನ್ನೊಂದು ದೊಡ್ಡ ಹಡಗ ನಿಂತಿತ್ತು. ಅದರ ಕೆಲಸದವರು, ಪ್ರಯಾಣಿಕರು ಕೈಗೆ ಸಿಕ್ಕ ತೇಲೋ ಬಳಿ ಒಗದು, ಕೆಲವರು ತಾವ ನೀರಿಗೆ ಹಾರಿ, ಎಷ್ಟೋ ಮಂದೀನ ಎಳದು ಉಳಿಸಿದ್ರು. ಅದೇ ಗಾಳಿ, ಅದೇ ನೀರು. ಆ ಹಡಗ ದಂಡಿಗೆ ಇತ್ತು, ಡಕ್ ಬೋಟು ನೀರಾಗ ಇತ್ತು. ಫರಕ ಇಷ್ಟ.

ಅದಕ್ಕ ನಾ ಹೇಳೋದು, ಗಾಳಿ ಮ್ಯಾಲೆ ಹಾಕಬ್ಯಾಡ್ರಿ. ಕುದಿಯೋ ಸಾರಿನ ಪಾತೇಲಿ ಹುಡುಗರು ಓಡಾಡೋ ನಡುಮನ್ಯಾಗ ಇಟ್ರ, ಓಡಿಬಂದ ಕೂಸಿನ ಕಾಲು ತಾಗಿ ಚೆಲ್ಲಿದ್ರ, ಮನಿ ಹಿರಿಯರು ಏನ್ ಕೇಳ್ತಾರ? 'ಸಾರು ಯಾಕ ಕುದೀತು' ಅಂತ ಕೇಳೂದಿಲ್ಲ. 'ಪಾತೇಲಿ ಇಲ್ಲಿ ತಂದು ಇಟ್ಟವರು ಯಾರು' ಅಂತ ಕೇಳ್ತಾರ. ಸಾರಿನ ಧರ್ಮ ಕುದಿಯೋದು, ಗಾಳಿ ಧರ್ಮ ಬೀಸೋದು. ಮಂದೀನ ಅದರ ನಡುವ ತಂದು ಇಟ್ಟವರು ಯಾರು ಅನ್ನೋದ ಪ್ರಶ್ನಾ.

ಹಂಗಾರ ಯಾರು? ನನಗ ಮೊದಲಿಗೆ ಕ್ಯಾಪ್ಟನ್ ಮ್ಯಾಲೆ ಸಿಟ್ಟು ಬಂತು. ಚುಕ್ಕಾಣಿ ಅವನ ಕೈಯಾಗಿತ್ತು, ಜಾಕೆಟ್ ಹಾಕ್ಕೊಳ್ರಿ ಅಂತ ಅಂವ ಹೇಳಬಹುದಿತ್ತು. ಅದು ಅವನ ತಪ್ಪ, ಅದನ್ನ ಬಿಟ್ಟುಕೊಡೂದಿಲ್ಲ. ಆದ್ರ ಓದಕೋತ ಹೋದಹಂಗ ನನ್ನ ಬೊಟ್ಟು ಮ್ಯಾಲೆ ಮ್ಯಾಲೆ ಹೋತು. ದಂಡಿ ಮ್ಯಾಲೆ ಕಂಪ್ಯೂಟರ್ ಮುಂದ ಕೂತು ಹವಾ ನೋಡೋವರು ಬ್ಯಾರೆ ಇದ್ರು. ಬೋಟು ಬಿಡ್ರಿ, ಬಿಡಬ್ಯಾಡ್ರಿ ಅನ್ನೋ ಅಧಿಕಾರ ಕಂಪನಿದು. ಅಮೇರಿಕಾದ ಸಾರಿಗೆ ಸುರಕ್ಷತಾ ಮಂಡಳಿ 2020ರಾಗ ತನಿಖಿ ಮುಗಿಸಿ ಹೇಳಿದ್ದು ಅದನ್ನ. ಎಚ್ಚರಿಕೆ ಬಂದ ಮ್ಯಾಲೂ ಕಂಪನಿ ನೀರಿನ ಸುತ್ತು ನಡಿಸಿದ್ದ ಮೂಲ ಕಾರಣ ಅಂತ. ಆಗ ಆ ಬೋಟುಗಳ ಮಾಲೀಕರು ರಿಪ್ಲೀ ಎಂಟರ್‌ಟೇನ್ಮೆಂಟ್ ಅನ್ನೋ ದೊಡ್ಡ ಕಂಪನಿಯವರು.

ಮಂಡಳಿ ಅಲ್ಲಿಗೇ ಬಿಡಲಿಲ್ಲ. ಬೋಟುಗಳಿಗೆ ಪರವಾನಗಿ ಕೊಡೋ ಕೋಸ್ಟ್ ಗಾರ್ಡ್ ಮ್ಯಾಲೂ ಬೊಟ್ಟು ಮಾಡಿ ತೋರಿಸ್ತು. ಯಾಕಂದ್ರ ಇದೇ ಮೊದಲಲ್ಲ. 1999ರ ಮೇ 1ಕ್ಕ ಬಾಜೂ ರಾಜ್ಯ ಆರ್ಕನ್ಸಾದಾಗ 'ಮಿಸ್ ಮೆಜೆಸ್ಟಿಕ್' ಅನ್ನೋ ಇದೇ ಥರದ ಡಕ್ ಬೋಟು ಮುಳುಗಿ 13 ಮಂದಿ ಸತ್ತಿದ್ರು. ಅಲ್ಲಿ ಬಿರುಗಾಳಿ ಇರಲಿಲ್ಲ, ನೀರು ಸೋರಿ ಮುಳುಗಿದ್ದು. ಆದ್ರ ಸಾವು ಬಂದದ್ದು ಅದೇ ಛಾವಣಿ ಕೆಳಗ. ಆಗ ಇದೇ ಮಂಡಳಿ, ನೀರು ಹೊಕ್ಕರೂ ತೇಲೋಹಂಗ ಬೋಟು ತಿದ್ದರಿ, ಇಲ್ಲಾಂದ್ರ ಛಾವಣಿ ತಗೀರಿ ಅಂತ ಹೇಳಿತ್ತು. ಛಾವಣಿ ಇದ್ದಾಗ ಲೈಫ್ ಜಾಕೆಟ್ ಸುದ್ದಾ ಶತ್ರು ಆಗ್ತದ ನೋಡ್ರಿ. ಬೋಟು ಕೆಳಗಿಳೀತದ, ಜಾಕೆಟ್ ಮನುಷ್ಯಾನ್ನ ಮ್ಯಾಲೆ ಎತ್ತತದ, ಮ್ಯಾಲೆ ಛಾವಣಿ. ಹೊರಗ ಬರೋದೆಂಗ? ಆ ಬೋಟು ಮುಳುಗಿ ಹತ್ತೊಂಬತ್ತು ವರ್ಷ ಆದ್ರೂ ಈ ಮಾತನ್ನ ಯಾರೂ ಗಟ್ಟಿಯಾಗಿ ಜಾರಿ ಮಾಡಲಿಲ್ಲ. ಛಾವಣಿ, ಪಡದೆ ಕಡ್ಡಾಯವಾಗಿ ತಗೀಬೇಕು ಅಂತ ಅಲ್ಲಿಯ ಪಾರ್ಲಿಮೆಂಟ್ ಕಾನೂನು ಮಾಡಿದ್ದು 2022ರ ಡಿಸೆಂಬರ್‌ದಾಗ. 1999ರಿಂದ ಲೆಕ್ಕ ಹಾಕ್ರಿ, 23 ವರ್ಷ. ಅಲ್ಲಿ ದಂಡಿ ಮ್ಯಾಲೆ 23 ನಿಮಿಷ ಕಳದ್ರು, ಕಚೇರಿಯೊಳಗ 23 ವರ್ಷ ಕಳದ್ರು.

ಶಿಕ್ಷಾ ಯಾರಿಗಾತು ಅಂತ ಕೇಳ್ತೀರಿ. ಕೇಂದ್ರ ಸರ್ಕಾರದ ವಕೀಲರು ಕ್ಯಾಪ್ಟನ್ ಮ್ಯಾಲೆ, ಇಬ್ಬರು ಮ್ಯಾನೇಜರ್ ಮ್ಯಾಲೆ ಕೇಸ್ ಹಾಕಿದ್ರು. 2020ರಾಗ ಕೋರ್ಟು ಅದನ್ನ ತಗದು ಹಾಕ್ತು. ಕಾರಣ ಕೇಳ್ರಿ: ಹಡಗದ ಕಾನೂನು ನಡಿಯೋದು ಹಡಗ ಸಂಚಾರದ ನೀರಾಗ, ಈ ಕೆರಿ ಆ ಲೆಕ್ಕಕ್ಕ ಬರೂದಿಲ್ಲ ಅಂತ. ಹದಿನೇಳು ಮಂದಿ ಮುಳುಗಲಿಕ್ಕೆ ಸಾಕಾದ ನೀರು ಕಾನೂನಿಗೆ ಸಾಕಾಗಲಿಲ್ಲ. 2021ರಾಗ ರಾಜ್ಯದವರು ಆ ಮೂರೂ ಮಂದಿ ಮ್ಯಾಲೆ ಎಲ್ಲಾ ಸೇರಿ 63 ಆರೋಪ ಹಾಕಿದ್ರು. 2022ರ ಏಪ್ರಿಲ್‌ದಾಗ ನ್ಯಾಯಾಧೀಶರು ಸಾಕ್ಷಿ ಸಾಲದು ಅಂತ ಅದನ್ನೂ ವಜಾ ಮಾಡಿದ್ರು, ಸರ್ಕಾರದವರು ಮತ್ತ ಹಾಕಿದ್ರು. ಕಂಪನಿ ಸತ್ತವರ ಮನಿಯವರಿಗೆ ರೊಕ್ಕ ಕೊಟ್ಟು ದಾವೆ ಮುಗಿಸ್ಕೊಂತು. ನಾ ವಕೀಲಳಲ್ಲ, ಮೂರು ಮಂದೀನ ಜೇಲಿಗೆ ಹಾಕಿದ್ರ ಎಲ್ಲಾ ಸರಿಹೋಗ್ತದ ಅಂತಾನೂ ಅನ್ನೂದಿಲ್ಲ. ಆದ್ರ ಒಂದು ಮಾತು ಕಲತೆ. ಮುಳುಗಿದ ಮ್ಯಾಲೆ ಜವಾಬ್ದಾರಿ ಯಾರದು ಅಂತ ಹುಡುಕಲಿಕ್ಕೆ ಹೋದ್ರ ಅದು ಎಲ್ಲಾರ ಕೈಯಿಂದ ಜಾರ್ತದ. ಬೋಟು ಬಿಡೋಕಿಂತ ಮೊದಲ 'ಇವತ್ತು ಬ್ಯಾಡ ಅನ್ನೋವರು ಇವರ' ಅಂತ ಒಬ್ಬರ ಹೆಸರು ಬರದಿಟ್ಟಿರಬೇಕು. ಆ ಮಾತು ಅನ್ನಲಿಕ್ಕೆ ಅವರಿಗೆ ಧೈರ್ಯ ಇರಬೇಕು, ಅಂದದ್ದಕ್ಕ ಅವರ ಪಗಾರ ಕಡಿಬಾರದು.

ಇದು ಅಮೇರಿಕಾದ ಮಾತು, ನಮಗೇನು ಅನ್ನಬ್ಯಾಡ್ರಿ. 2025ರಾಗ, ಅದೂ ಜುಲೈ 19ಕ್ಕನ ನೋಡ್ರಿ, ವಿಯೆಟ್ನಾಂದ ಹಾಲಾಂಗ್ ಕೊಲ್ಲಿಯೊಳಗ 'ವಂಡರ್ ಸೀ' ಅನ್ನೋ ಪ್ರವಾಸಿ ಬೋಟು ಹಿಂಗ ಗುಡುಗು-ಗಾಳಿಗೆ ಮಗಚಿ ಬಿತ್ತು. 46 ಪ್ರವಾಸಿಗಳು, 3 ಕೆಲಸದವರು ಇದ್ರು. 35ಕ್ಕೂ ಹೆಚ್ಚು ಮಂದಿ ಸತ್ರು, ಸಣ್ಣ ಹುಡುಗರು ಭಾಳ ಮಂದಿ. ಆಗ ಸಮುದ್ರದಾಗ ಇನ್ನೊಂದು ಕಡೆ ದೊಡ್ಡ ಚಂಡಮಾರುತ ಬರ್ಲಿಕ್ಕತ್ತದ ಅಂತ ಎಲ್ಲಾರಿಗೂ ಗೊತ್ತಿತ್ತು. ನಮ್ಮ ಕಾರವಾರದ ಕೂರ್ಮಗಡ ನೆನಪದನಿಲ್ಲೋ? 2019ರ ಜನವರಿ 21, ನರಸಿಂಹ ದೇವರ ಜಾತ್ರಿ ಮುಗಿಸ್ಕೊಂಡು ಹೊಳ್ಳಿ ಬರೂಮುಂದ ಬೋಟು ಮಗಚಿ 16 ಮಂದಿ ಹೋದ್ರು. ನಮ್ಮ ಹಾವೇರಿ ಕಡೆಯವರೂ ಇದ್ರು ಅದರಾಗ. ಅವತ್ತು ಗುಡುಗು-ಮಳಿ ಇರಲಿಲ್ಲ, ತೆರಿ ಮತ್ತು ಹೆಚ್ಚಿಗಿ ತುಂಬಿದ ಮಂದಿ. ಗಾಳಿ ಬಂದ್ರೂ ಬರದಿದ್ರೂ ತಪ್ಪು ಆಗೋದು ದಂಡಿ ಮ್ಯಾಲೆ, ಹತ್ತೋ ಜಾಗಾದಾಗ.

ಇಷ್ಟೆಲ್ಲಾ ಮಂದಿ ಬಗ್ಗೆ ಬರದೆ. ಈಗ ನನ್ನ ಬಗ್ಗೆ ಬರೀಬೇಕು, ಇಲ್ಲಾಂದ್ರ ಇದು ಅರ್ಧಾ ಸತ್ಯ ಆಗ್ತದ.

ಹನ್ನೆರಡು ವರ್ಷದ ಹಿಂದ, ಮಗಳ ಮದುವಿಕಿಂತ ಮೊದಲು, ನಾವೆಲ್ಲಾ ಮನಿಮಂದಿ ಹದಿನಾಕು ಜನ ಟೆಂಪೋ ಮಾಡ್ಕೊಂಡು ಕರಾವಳಿಗೆ ಹೋಗಿದ್ವಿ. ಮೇ ತಿಂಗಳ. ಒಂದು ಹೊಳಿ ಹಿನ್ನೀರಿನ್ಯಾಗ ಬೋಟಿಂಗ್ ಅಂತ ಮೊದಲ ಅಡ್ವಾನ್ಸ್ ಕೊಟ್ಟಿಟ್ಟಿದ್ವಿ. ನಾಕು ಗಂಟೇಕ ಹೋಗಿ ಮುಟ್ಟಿದ್ವಿ. ಬೋಟಿನವರು ಅರವತ್ತರ ಸುಮಾರಿನ ಮನುಷ್ಯಾ, ಲುಂಗಿ ಎತ್ತಿ ಕಟ್ಟಿಕೊಂಡು ಘಟ್ಟದ ಕಡೆ ನೋಡ್ಕೋತ ನಿಂತಿದ್ರು. ಅಲ್ಲಿ ಕರ್ರಗ ಮೋಡ ಏಳ್ಲಿಕ್ಕತ್ತಿತ್ತು. 'ಇವತ್ತು ಬೇಡ ಅಮ್ಮಾ, ಗಾಳಿ ಬರ್ತದೆ. ನಾಳೆ ಬೆಳಿಗ್ಗೆ ಬನ್ನಿ' ಅಂದ್ರು.

ನಾ ಸುಮ್ನ ಕೇಳಿದ್ನೇನು? ಇಲ್ಲ. 'ಅಲ್ರೀ, ಧಾರವಾಡದಿಂದ ಬಂದೇವಿ, ನಾಳೆ ಮುಂಜಾನೆ ಹೊಳ್ಳಿ ಹೋಗೋರು. ಇಲ್ಲಿ ಬಿಸಲು ಬಿದ್ದದ, ಒಂದು ಹನಿ ಮಳಿ ಇಲ್ಲ, ಎಲ್ಲದ ಗಾಳಿ?' ಅಂದೆ. ಇನ್ನ ಐನೂರು ಹೆಚ್ಚಿಗಿ ಕೊಡ್ತೇವಿ ಅಂದೆ. ಅದಕ್ಕೂ ಒಪ್ಪದಿದ್ದಾಗ, 'ಕೆಲಸಾ ಮಾಡ್ಲಿಕ್ಕೆ ಮನಸಿಲ್ಲ ಇವರಿಗೆ, ಅಡ್ವಾನ್ಸ್ ನುಂಗಲಿಕ್ಕೆ ನೆವಾ' ಅಂತ ಅವರಿಗೆ ಕೇಳೋಹಂಗ ಅಂದೆ. ಹುಡುಗರು ನನ್ನ ಬಾಜೂಕ ನಿಂತು ಮುಖಾ ಸಣ್ಣ ಮಾಡಿದ್ರು, ಅದು ನನಗ ಇನ್ನೂ ಹುರುಪು ತಂತು. ಆ ಮನುಷ್ಯಾ ಒಂದು ಮಾತೂ ಆಡಲಿಲ್ಲ. ಅಂಗಿ ಕಿಸೆದಿಂದ ಅಡ್ವಾನ್ಸ್ ರೊಕ್ಕ ತಗದು, ಎಣಿಸಿ, ನಮ್ಮ ಯಜಮಾನರ ಕೈಯಾಗಿಟ್ಟು, ಬೋಟಿನ ಹಗ್ಗ ಇನ್ನೊಂದು ಸುತ್ತು ಬಿಗಿ ಮಾಡ್ಲಿಕ್ಕೆ ಹೋದ್ರು.

ನಾವು ಗೊಣಗಿಕೋತ ರಸ್ತೆ ಮ್ಯಾಲಿನ ಚಹಾದಂಗಡಿಗೆ ಬಂದ್ವಿ. ಚಹಾ ಕುಡದು ಭಜಿಗೆ ಹೇಳಿದ್ವಿ, ಭಜಿ ಬರೋದ್ರಾಗ ಗಾಳಿ ಬಂತು. ಅಂಗಡಿ ಮ್ಯಾಲಿನ ತಗಡಿನ ಹಾಳಿ ಎರಡು ಹಾರಿ ಹೋದ್ವು. ಆ ಕಡೆ ಹೊಳಿ ಕಾಣತಿರಲಿಲ್ಲ, ಬರೇ ಬಿಳೇ ಹೊಗಿಹಂಗ ನೀರು. ನಮ್ಮ ಸಣ್ಣ ಮೈದುನನ ಮಗಳು ಹೆದರಿ ನನ್ನ ಸೀರಿ ಸೆರಗಿನೊಳಗ ಹೊಕ್ಕು ಕೂತಳು. ಅಕಿಗೆ ಆಗ ಆರು ವರ್ಷ. ನಮ್ಮ ಯಜಮಾನರು ನನ್ನ ಕಡೆ ನೋಡಿದ್ರು, ಏನೂ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು.

ಮಳಿ ನಿಂತ ಮ್ಯಾಲೆ ಆ ಮನುಷ್ಯಾನ ಕಡೆ ಹೋಗಿ ಎರಡು ಮಾತು ಹೇಳಬೇಕಿತ್ತು. ನಾಚಿಕಿ ಆತು, ಹೋಗಲಿಲ್ಲ. ಟೆಂಪೋ ಹತ್ತಿ ಬಂದುಬಿಟ್ಟೆ. ಅವತ್ತಿನ ದುಡಿಮಿ ಬಿಟ್ಟುಕೊಟ್ಟು, ನನ್ನ ಬಾಯಿಂದ ಬೈಸಿಕೊಂಡು, ಹದಿನಾಕು ಮಂದೀನ ಉಳಿಸಿದ ಮನುಷ್ಯಾನ ಹೆಸರು ಸುದ್ದಾ ಕೇಳಿಕೊಂಡಿಲ್ಲ ನಾನು. ಟೇಬಲ್ ರಾಕ್ ಕೆರಿ ದಂಡಿ ಮ್ಯಾಲೆ ನಿಂತಾಗ ನನಗ ಕಂಡದ್ದು ಅವರ ಮುಖ.

ಬ್ರಾನ್ಸನ್‌ದಾಗ ಪ್ರವಾಸಿಗಳು ನನ್ನಹಂಗ ಜಗಳಾಡಿದ್ರು ಅಂತ ನಾ ಹೇಳ್ಲಿಕತ್ತಿಲ್ಲ. ಪಾಪ, ಅವರು ಟಿಕೆಟ್ ತಗೊಂಡು ಕಂಪನಿ ಮ್ಯಾಲೆ ವಿಶ್ವಾಸ ಇಟ್ಟು ಹತ್ತಿದವರು, ಅವರದೇನೂ ತಪ್ಪಿಲ್ಲ. ಟಿಕೆಟ್ ಮಾರಿದವರ ಜವಾಬ್ದಾರಿ ಟಿಕೆಟ್ ತಗೊಂಡವರ ತಲಿಗೆ ಕಟ್ಟಬಾರದು. ಆದ್ರ 'ಬ್ಯಾಡ' ಅನ್ನೋ ಧೈರ್ಯ ಇರೋ ಮನುಷ್ಯಾ ಸಿಕ್ಕಾಗ ಅವನ ಧೈರ್ಯ ಮುರಿಯೋ ಕೆಲಸಾ ನಾವು ಮಾಡಬಾರದು. ನಮ್ಮ ಐನೂರು ರೂಪಾಯಿ, ನಮ್ಮ ಬೈಗಳು, 'ಬಾಜೂಕಿನ ಬೋಟಿನಂವ ಬರ್ತಾನಂತ' ಅನ್ನೋ ನಮ್ಮ ಮಾತು, ಇವೆಲ್ಲಾ ಸೇರಿ ಸೇರಿ ಒಂದು ದಿನ ಯಾರೋ ಬಡವ 'ಆಗ್ಲಿ ಬರ್ರಿ, ಲಗೂ ಹೋಗಿ ಬರೂಣು' ಅಂತಾನ. ಅವತ್ತು ಮುಳುಗಿದ್ರ ನಾವು 'ಹಣೆಬರಹ' ಅಂತೇವಿ.

ಸೂಟಿಯೊಳಗ ಹೋಗೋರು ಹೋಗ್ರಿ, ಯಾರೂ ಬ್ಯಾಡ ಅನ್ನೂದಿಲ್ಲ. ಹುಡುಗರು ನೀರು ನೋಡಬೇಕು, ಕುಣೀಬೇಕು. ಆದ್ರ ಹೋಗೋ ಮುಂದ ಒಂದಿಷ್ಟು ನೆನಪಿಡ್ರಿ.

ಏಪ್ರಿಲ್-ಮೇ ತಿಂಗಳದಾಗ ನೀರಿನ ಕಾರ್ಯಕ್ರಮ ಮುಂಜಾನೆ ಇಟ್ಕೊಳ್ರಿ. ನಮ್ಮ ಕಡೆ ಅಡ್ಡಮಳಿ ಏಳೋದು ಹೆಚ್ಚಾಗಿ ಮಧ್ಯಾಹ್ನದ ಮ್ಯಾಲೆ. ಹೊರಡೋಕಿಂತ ಮೊದಲು ಹವಾಮಾನ ಇಲಾಖೆಯ 'ಮೌಸಮ್' ಆ್ಯಪ್ ನೋಡ್ರಿ, ಸಿಡಿಲಿಗೆ 'ದಾಮಿನಿ' ಅಂತ ಬ್ಯಾರೆ ಅದ. ಎರಡೂ ಪುಗಸಟ್ಟೆ. ಮುಂದಿನ ಮೂರು ತಾಸಿನ್ಯಾಗ ಎಲ್ಲಿ ಗುಡುಗು-ಗಾಳಿ ಅಂತ ಇಲಾಖೆಯವರು ಹೇಳ್ತಾರ. ಹಳದಿ ಅಂದ್ರ ಕಣ್ಣಿಡ್ರಿ, ಕಿತ್ತಳೆ ಅಂದ್ರ ತಯಾರಿರ್ರಿ, ಕೆಂಪು ಅಂದ್ರ ಅಪಾಯ. ನೀರಿನ ಮಾತಿಗೆ ನಾನಂತೂ ಹಳದಿಗೇ ನಿಂತುಬಿಡ್ತೇನಿ.

ಹತ್ತೋ ಮುಂದ ನಾಚಿಕಿ ಬಿಟ್ಟು ಕೇಳ್ರಿ. ಬೋಟಿಗೆ ಎಷ್ಟು ಮಂದಿಗೆ ಪರವಾನಗಿ ಅದ? ಹಡಗ-ಬೋಟಿನ ನೋಂದಣಿ, ತಪಾಸಣಿ, ವಿಮಾ ಎಲ್ಲಾ ಬೇಕು ಅಂತ 2021ರ ಒಳನಾಡು ಹಡಗುಗಳ ಕಾನೂನಿನ್ಯಾಗ ಅದ, ಕೇಳೋ ಹಕ್ಕು ನಿಮಗದ. ಲೈಫ್ ಜಾಕೆಟ್ ಕೈಯಾಗ ಹಿಡಕೊಂಡು, ಇಲ್ಲಾ ಸೀಟಿನ ಕೆಳಗ ಒತ್ತಿ ಫೋಟೋ ಹೊಡಕೊಳ್ಳೋದಲ್ಲ. ಸೀರಿ ಮ್ಯಾಲೆ ಛಂದ ಕಾಣೂದಿಲ್ಲ, ಬೆವರಿನ ವಾಸನಿ ಬರ್ತದ, ಎಲ್ಲಾ ಖರೇ. ದಂಡಿ ಬಿಡೋಕಿಂತ ಮೊದಲ ಹಾಕ್ಕೊಂಡು ಬಕಲ್ ಬಿಗೀರಿ. ಹುಡುಗರಿಗೆ ಹುಡುಗರ ಅಳತಿದು ಬೇಕು, ದೊಡ್ಡವರದು ಹಾಕಿದ್ರ ತಲಿ ಮ್ಯಾಲಿಂದ ಜಾರಿ ಹೋಗ್ತದ. ಹುಡುಗರ ಅಳತಿದು ಇಲ್ಲ ಅಂದ್ರ ಹುಡುಗರು ಹತ್ತೂದಿಲ್ಲ ಅಂತ ಹೇಳ್ರಿ. ಎಲ್ಲಾ ಕಡೆ ಗಾಜು-ಪಡದೆ ಮುಚ್ಚಿದ ಬೋಟು ಇದ್ರ, ಹೊರಗ ಹೋಗೋ ದಾರಿ ಎಲ್ಲದ ಅಂತ ಕೂಡೋಕಿಂತ ಮೊದಲು ನೋಡ್ಕೊಳ್ರಿ, ಅಲ್ಲೇ ಹತ್ತಿರ ಕೂಡ್ರಿ.

ಕಡೀ ಮಾತು ಎಲ್ಲಾದಕ್ಕಿಂತ ದೊಡ್ಡದು. ಬೋಟಿನವರು 'ಇವತ್ತು ಬ್ಯಾಡ' ಅಂದ್ರ, ಅಡ್ವಾನ್ಸ್ ವಾಪಸ್ ಕೇಳಬ್ಯಾಡ್ರಿ. ಅರ್ಧಾನಾದ್ರೂ ಅವರ ಹತ್ರನ ಬಿಡ್ರಿ, ಕೈ ಮುಗದು ಬರ್ರಿ. ಗಾಳಿ ಬರಲಿಲ್ಲ ಅಂತ ಇಟ್ಕೊಳ್ರಿ, ಬಿಸಲು ಹಂಗ ಇತ್ತು ಅಂತ ಇಟ್ಕೊಳ್ರಿ, ಆಗೂ ಬೈಬ್ಯಾಡ್ರಿ. ಹತ್ತು ಸಲ 'ಬ್ಯಾಡ' ಅಂದು ಒಂಬತ್ತು ಸಲ ಸುಳ್ಳಾದ್ರೂ ಆ ಹತ್ತನೇದು ನಮ್ಮ ಮನಿ ಹುಡುಗರದಿರ್ತದ.

ನಿನ್ನೆ ಸಂಜಿ ಮಾಮಿ ಮನಿಗೆ ಹೋಗಿ ಇದನ್ನೆಲ್ಲಾ ಹೇಳಿದೆ. ಹೊಳಿ ದಂಡಿ ಮ್ಯಾಲೆ ನಾ ಆಡಿದ ಮಾತು ಸುದ್ದಾ ಮುಚ್ಚಿಡಲಿಲ್ಲ. ಮಾಮಿ ಭಾಳ ಹೊತ್ತು ಸುಮ್ನ ಕೂತು, ಅವರೇಕಾಯಿ ಬಿಡಸ್ಕೋತ, 'ಹಂಗಾರ ಹಣೆಬರಹ ಅನ್ನೋದನ್ನ ನಾವ ಅರ್ಧಾ ಬರೀತೇವಿ ಅನ್ನು' ಅಂದ್ರು. ಆಮ್ಯಾಲೆ ತಾವ ಎದ್ದು ವೈನಿಗೆ ಫೋನ್ ಹಚ್ಚಿ, 'ನಿಮ್ಮ ಸೊಸಿಗೆ ಹೇಳವಾ, ಬೋಟು ಮುಂಜಾನಿಗೆ ಮಾಡ್ಕೊಳ್ಳಲಿ, ಮೋಡ ಕಂಡ್ರ ಹತ್ತಬಾರದು ಅಂತ ನಾ ಹೇಳೇನಿ ಅಂತ ಹೇಳು' ಅಂದ್ರು. ಮಾಮಿ ಹೇಳಿದ್ರ ಯಾರೂ ಮೀರೂದಿಲ್ಲ, ನಿಮಗ ಗೊತ್ತ ಅದ.

ನಿಮ್ಮ ಮನ್ಯಾಗೂ ಸೂಟಿಗೆ ಹೊಂಟವರಿದ್ರ ಇದನ್ನ ಒಂದು ಸಲ ಓದಿ ಹೇಳ್ರಿ. ಕರಾವಳಿಯ ಆ ಹಿನ್ನೀರಿನ ದಂಡಿ ಮ್ಯಾಲೆ, ಮೋಡ ನೋಡಿ ಹಗ್ಗ ಬಿಗಿ ಮಾಡೋ ವಯಸ್ಸಾದ ಬೋಟಿನವರು ಯಾರಾದ್ರೂ ಸಿಕ್ರ, ಧಾರವಾಡದ ಒಬ್ಬ ಬಾಯಿ ಜೋರಿನ ಹೆಣಮಗಳು ತಪ್ಪಾತು ಅಂತ ಹೇಳ್ಯಾಳ ಅಂತ ಮುಟ್ಟಿಸ್ರಿ.

ಉಪ್ಪಿನಕಾಯಿ ಮುಂದಿನ ವಾರ, ಖರೇನ.